ಗೊರಕೆ ಸುಖನಿದ್ರೆಯ ಲಕ್ಷಣವಲ್ಲ

ಕಲ್ಯಾಣ, ಡೊಂಬಿವಲಿಗಳಿಂದ ಮುಂಬಯಿಗೆ ಸಾಗುವ ಲೋಕಲ್ ಗಾಡಿಯಲ್ಲಿ ತೂಕಡಿಸುವವರೆಲ್ಲರೂ ಕೇವಲ ದಣಿದವರಲ್ಲ. ಕೆಲವರಿಗೆ ರಾತ್ರಿ ನಿದ್ರೆಯಲ್ಲಿ ಉಸಿರು ಪದೇ ಪದೇ 10 ಸೆಕೆಂಡಿಗೂ ಮೀರಿ ನಿಲ್ಲುತ್ತಿರುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಮುಂಬಯಿಯ 35ರಿಂದ 65 ವಯಸ್ಸಿನ ಪುರುಷರನ್ನು ಕುರಿತು ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶೇಕಡಾ 7.5 ಮಂದಿಯಲ್ಲಿ ಹಗಲು ತೂಕಡಿಕೆಯೊಡನೆ ಈ ವ್ಯಾಧಿಯಿತ್ತು.

ಇದರಲ್ಲಿ ಮೂರು ಬಗೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚುವುದು ಮೊದಲನೆಯದು. ಬೊಜ್ಜು, ದಪ್ಪ ಕತ್ತು, ಮದ್ಯಪಾನ ಇದಕ್ಕೆ ಪೋಷಕ. ಉಸಿರಾಟದ ಆಜ್ಞೆಯನ್ನು ಮಿದುಳೇ ಕಳುಹಿಸದಿರುವುದು ಎರಡನೆಯದು. ಹೃದಯವೈಫಲ್ಯ, ಪಾರ್ಶ್ವವಾಯು ಇದಕ್ಕೆ ಹಾದಿ. ಇವೆರಡೂ ಬೆರೆತದ್ದು ಮೂರನೆಯದು.

ಅಲಕ್ಷಿಸಿದರೆ ರಕ್ತದೊತ್ತಡ ಏರೀತು. ಉಸಿರು ನಿಂತದ್ದು ಮಲಗಿದವರಿಗೆ ತಿಳಿಯದು. ಕಂಡ ಮನೆಯವರೇ ವೈದ್ಯರಿಗೆ ತಿಳಿಸುವುದು ಲೇಸು.