ಕಬ್ಬಿನ ಲೋಳೆಯಲ್ಲಿ ಸಹಜೀವನ ಮತ್ತು ವಿಕಾಸ
ನಾಗಮಂಗಲದ ಬಹುಭಾಗ ರಾಗಿಯ ಬೆದ್ದಲು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ನೀರಾವರಿ ಭೂಮಿಯಲ್ಲಿ ಭತ್ತದೊಡನೆ ಕಬ್ಬೂ ಪ್ರಧಾನ ಬೆಳೆ. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಉಳಿದರೆ ಬೆಲ್ಲ ಅಚ್ಚಿನಲ್ಲಿ ಸರಿಯಾಗಿ ಗಟ್ಟಿಯಾಗದೆಂಬುದು ಆಲೆಮನೆಯವರು ಬಲ್ಲ ಸಂಗತಿ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು, 1878ರಲ್ಲಿ ಫ್ರಾನ್ಸಿನ ವಾನ್ ಟೀಗೆಮ್ ಹೆಸರಿಸಿದ ಲ್ಯೂಕೊನೊಸ್ಟಾಕ್ ಕುಲದ ಬ್ಯಾಕ್ಟೀರಿಯಾ. ಕಬ್ಬಿನ ಕಡಿದ ತುದಿಯಲ್ಲೂ ಗಾಣದ ಸಂದಿಗಳಲ್ಲೂ ನೆಲೆಸುವ ಇದು ಸುಕ್ರೋಸನ್ನು ಒಡೆದು, ಅದರ ಗ್ಲೂಕೋಸನ್ನು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಹೆಣೆಯುತ್ತದೆ. ಉಳಿದ ಫ್ರಕ್ಟೋಸ್ ನೆರೆಯ ಯೀಸ್ಟ್‌ಗಳಿಗೂ ಇತರ ಬ್ಯಾಕ್ಟೀರಿಯಾಗಳಿಗೂ ಆಹಾರವಾಗುತ್ತದೆ. ಲೋಳೆಯೇ ಅವೆಲ್ಲಕ್ಕೂ ಸೂರು. ಇಷ್ಟರಲ್ಲಿ ಕಳೆದುಹೋಗುವುದು ರೈತ ವರ್ಷವಿಡೀ ಬೆಳೆಸಿದ ಸಕ್ಕರೆ.

ಇಂತಹ ಬಯೋಫಿಲ್ಮ್‌ಗಳಲ್ಲಿ ನೆರೆಹೊರೆಯೇ ವಿಕಾಸದ ದಿಕ್ಕನ್ನು ಬದಲಿಸಬಲ್ಲದೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅಸಿನೆಟೊಬ್ಯಾಕ್ಟರ್ ಹೊರಬಿಟ್ಟ ಬೆಂಜೊಯೇಟನ್ನು ಉಂಡು ಬೆಳೆಯುತ್ತಿದ್ದ ಸೂಡೊಮೊನಾಸ್ ಪ್ಯುಟಿಡಾದಲ್ಲಿ, ಕೆಲವೇ ದಿನಗಳಲ್ಲಿ, ಅನ್ನದಾತನ ಮೈಗೇ ಅಂಟಿಕೊಳ್ಳುವ ರೂಪಾಂತರ ಮೂಡಿತು. ಸಮುದಾಯ ಮೊದಲಿಗಿಂತ ಸ್ಥಿರವಾಯಿತು. ಆದರೆ ಇದನ್ನು ಸಮಾನರ ಸ್ನೇಹವೆನ್ನಲಾಗದು: ಆಮ್ಲಜನಕದ ಪೈಪೋಟಿಯಲ್ಲಿ ಅಸಿನೆಟೊಬ್ಯಾಕ್ಟರ್‌ಗೆ ಹಿನ್ನಡೆಯಾಯಿತು.

ಅಂಟಿ ಹೆಣೆದುಕೊಂಡ ಪದರವು ಬರಿಯ ತಣ್ಣೀರಿಗೆ ಕದಲುವುದಿಲ್ಲ. ಆದುದರಿಂದಲೇ ಕಡಿದ ಕಬ್ಬನ್ನು ತಡಮಾಡದೆ ಅರೆಯುವುದು, ಗಾಣದ ಸಂದಿಗಳನ್ನು ಬಿಸಿನೀರಿನಿಂದ ಉಜ್ಜಿ ತೊಳೆಯುವುದು ಅಗತ್ಯ.