ಬಾಗಿದ ಬರ್ಚ್, ಚಹಾದ ಗಾಡಿ

ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ (1898–1976) ಕಟ್ಟಡಗಳಿಗೆ ಎಷ್ಟು ಹೆಸರಾದರೋ ಕುರ್ಚಿ-ಮೇಜುಗಳಿಗೂ ಅಷ್ಟೇ ಹೆಸರಾದವರು. 1935ರಲ್ಲಿ ಪತ್ನಿ ಐನೊ ಮತ್ತು ಇನ್ನಿಬ್ಬರೊಂದಿಗೆ ಸೇರಿ ಹೆಲ್ಸಿಂಕಿಯಲ್ಲಿ ಆರ್ಟೆಕ್ ಕಂಪನಿ ಶುರುಮಾಡಿದರು. ಮರುವರ್ಷದ ಅವರ ‘901’ ಚಹಾ ಟ್ರಾಲಿಯಲ್ಲಿ ಇರುವುದು ಇಷ್ಟೇ: ಎರಡು ಪಕ್ಕಗಳಲ್ಲಿ ಬಾಗಿದ ಬರ್ಚ್ ಮರದ ಚೌಕಟ್ಟು, ನಡುವೆ ಎರಡು ತಟ್ಟೆ, ಒಂದು ತುದಿಗೆ ಎರಡು ದೊಡ್ಡ ಚಕ್ರ.

ಆ ಚೌಕಟ್ಟನ್ನು ದಪ್ಪ ಹಲಗೆಯಿಂದ ಕೊರೆದು ತೆಗೆದಿದ್ದಾರೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗೆ ಮಾಡಿದರೆ ಗಾಡಿ ಬಾಳದು. ಮರದ ಬಲವೆಲ್ಲ ಅದರ ನಾರಿನುದ್ದಕ್ಕೆ ಇರುತ್ತದೆ. ಬಾಗಿದ ಆಕಾರವನ್ನು ಹಲಗೆಯಿಂದ ಕೊರೆದರೆ ತಿರುವಿನಲ್ಲಿ ನಾರು ಅಡ್ಡಕ್ಕೆ ತುಂಡಾಗಿ, ಅಲ್ಲೇ ಮುರಿಯುತ್ತದೆ. ದಪ್ಪ ಮರವನ್ನು ಹಾಗೆಯೇ ಬಗ್ಗಿಸಹೊರಟರೆ ಹೊರಮೈ ಹಿಗ್ಗಲಾರದೆ ಸೀಳುತ್ತದೆ.

ಒಂದು ನೋಟ್‌ಬುಕ್ಕನ್ನು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ, ತುದಿಗಳು ಮೆಟ್ಟಿಲಾಗುತ್ತವೆ. ತೆಳು ಮರದ (ವಿನಿಯರ್) ಪದರಗಳದ್ದೂ ಇದೇ ಗುಟ್ಟು. ಪದರಗಳಿಗೆ ಅಂಟು ಸವರಿ, ಅದು ಹಸಿಯಿರುವಾಗಲೇ ಅಚ್ಚಿಗೆ ಒತ್ತಿ ಬಿಗಿಯುತ್ತಾರೆ. ಅಂಟು ಒಣಗಿದ ಮೇಲೆ ಜಾರಾಟ ನಿಲ್ಲುತ್ತದೆ, ತಿರುವು ಹಾಗೇ ಉಳಿಯುತ್ತದೆ. ಲೆಕ್ಕ ಇನ್ನೂ ಸೊಗಸು! ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಲಗೆಯ ಹತ್ತನೇ ಒಂದು ದಪ್ಪದ ಪದರಕ್ಕೆ ಹಲಗೆಯ ಬಿಗಿತದ ಸಾವಿರದಲ್ಲೊಂದು ಪಾಲು. ಅಂಟಿಸದ ಹತ್ತು ಪದರ ಸೇರಿದರೂ ನೂರರಲ್ಲೊಂದು ಪಾಲೇ. ಅಂಟಿಸಿದಿರೋ, ಬಿಗಿತ ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಮೆದುವಾಗಿ ಬಗ್ಗಿ ಗಟ್ಟಿಯಾಗಿ ನಿಲ್ಲುವ ವಸ್ತು ಹೀಗೆ ಕೈಗೆ ಬರುತ್ತದೆ.

ಇದನ್ನು ಪ್ಲೈವುಡ್ ಎನ್ನಬೇಡಿ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಇಲ್ಲಿ ಎಲ್ಲ ಪದರಗಳ ನಾರೂ ತಿರುವಿನ ಗುಂಟ ಸಾಗುತ್ತದೆ.

ಆಲ್ಟೊ ಈ ವಿದ್ಯೆಯನ್ನು ಪಳಗಿಸಿದ್ದು ಟುರ್ಕುವಿನ ಪೀಠೋಪಕರಣ ತಯಾರಕ ಒಟ್ಟೊ ಕೊರ್ಹೋನೆನ್ ಜೊತೆ. ಯುರೋಪಿನ ಆಧುನಿಕರು ಉಕ್ಕಿನ ಕೊಳವೆಗೆ ಮನಸೋತಿದ್ದ ಕಾಲ ಅದು. ಮುಟ್ಟಿದರೆ ತಣ್ಣಗೆ, ಬೆಳಕು ಬಿದ್ದರೆ ಕಣ್ಣಿಗೆ ಕುಕ್ಕುವ ಲೋಹ ಮನೆಗೆ ಒಗ್ಗದು ಎಂಬುದು ಆಲ್ಟೊ ನಿಲುವು. ಪೈಮಿಯೊದಲ್ಲಿ ಕ್ಷಯರೋಗಿಗಳ ಆಸ್ಪತ್ರೆಗಾಗಿ ಅವರು ರೂಪಿಸಿದ ಬಾಗುಮರದ ಕುರ್ಚಿ ನೋಡಿದರೆ ಆ ಮಾತು ಎಷ್ಟು ನಿಜ ಎನಿಸುತ್ತದೆ.

ಮತ್ತೆ ಚಹಾ ಗಾಡಿಗೆ ಬಂದರೆ, ಚಕ್ರ ಎರಡೇ ಏಕೆ? ಇನ್ನೊಂದು ತುದಿ ನೆಲಕ್ಕೆ ಊರಿರುವುದರಿಂದ ಗಾಡಿ ತಾನಾಗಿ ಉರುಳದು. ತುಸು ಎತ್ತಿ ತಳ್ಳಿದರೆ ಮಾತ್ರ ಹೊರಡುತ್ತದೆ. ಚಕ್ರ ದೊಡ್ಡದಾದ್ದರಿಂದ ಜಮಖಾನೆಯ ಅಂಚು, ಹೊಸ್ತಿಲುಗಳನ್ನು ಸಲೀಸಾಗಿ ಹತ್ತುತ್ತದೆ.

ಇಂದು ದೊಡ್ಡ ಸಭಾಂಗಣಗಳ ಚಾವಣಿ ಹೊರುವ ಮರದ ಕಮಾನುಗಳ ಹಿಂದೆಯೂ ಇದೇ ತತ್ವವಿದೆ. ವಿನ್ಯಾಸ, ಎಂಜಿನಿಯರಿಂಗ್ ಓದುವ ಮಕ್ಕಳು ದಯವಿಟ್ಟು ಒಮ್ಮೆ ನಾಲ್ಕು ವಿನಿಯರ್ ಪಟ್ಟಿ, ಅಂಟು, ಕ್ಲ್ಯಾಂಪ್ ಹಿಡಿದು ಕೂರಿ, ನಿಮ್ಮ ಕೈಯಾರೆ ಒಂದು ತಿರುವು ಮಾಡಿ ನೋಡಿ.