ಹೀರೋಗಳ ಕತ್ತು, ನಮ್ಮ ಕತ್ತು!

ಲಾಗ ಹಾಕೋದು ಹೀರೋಗಳಿಗೆ ಹೊಸದೇ? ಆದರೆ 2022ರ ಜೂನ್‌ನಲ್ಲಿ ನಮ್ಮ 'ದೂದ್‌ಪೇಡ' ದಿಗಂತ್ ಗೋವಾದಲ್ಲಿ ಲಾಗ ಹಾಕಿದ್ದು ರಜೆಯಲ್ಲಿ. ಶೂಟಿಂಗೂ ಇಲ್ಲ, ಡ್ಯೂಪೂ ಇಲ್ಲ! ಕತ್ತಿಗೇ ಪೆಟ್ಟು. ವಿಮಾನದಲ್ಲಿ ಬೆಂಗಳೂರಿಗೆ ತಂದು ಆಪರೇಷನ್ ಮಾಡಿದರು. ಆಗಸ್ಟ್ 12ಕ್ಕೆ 'ಗಾಳಿಪಟ 2' ತೆರೆಗೆ ಬಂತು. ಅಭಿಮಾನಿಗಳ ಜೀವ ಮರಳಿ ಬಂತು.

ಶಾರುಖ್ ಖಾನ್ ಕಥೆ ಇನ್ನೂ ಉದ್ದ. 2001ರ ಡಿಸೆಂಬರ್‌ನಲ್ಲಿ ಹಿಂದಿಯ 'ಶಕ್ತಿ' ಚಿತ್ರದ ಅತಿಥಿ ಪಾತ್ರಕ್ಕೆ ಹೋಗಿ ಬೆನ್ನುಮೂಳೆಗೆ ಪೆಟ್ಟು ತಿಂದರು. ಆ ಚಿಕಿತ್ಸೆ ಈ ಚಿಕಿತ್ಸೆ ಅಂತ ವರ್ಷ ತಳ್ಳಿ, ನೋವು ಜಾಸ್ತಿಯಾಗಿ, 2003ರಲ್ಲಿ ಲಂಡನ್ನಿನಲ್ಲಿ ಆಪರೇಷನ್. ಕತ್ತಿನ ಮುಂಭಾಗದಿಂದ ಹೋಗಿ, ಕೆಟ್ಟ ಡಿಸ್ಕ್ ತೆಗೆದು, ಮೇಲಿನ-ಕೆಳಗಿನ ಮೂಳೆ ಬೆಸೆಯೋದು. ಜೂನ್‌ಗೆ ಮತ್ತೆ ಕ್ಯಾಮೆರಾ ಮುಂದೆ! ಆಮೇಲೆ ಕೆಲಸ ಕಡಿಮೆ ಮಾಡಿಕೊಂಡರು ಅನ್ನೋದನ್ನ ಮಾತ್ರ ಯಾವ ಪೋಸ್ಟರೂ ಹೇಳಲ್ಲ.

ಇದೆಲ್ಲ ಯಾಕೆ ಹುಡುಕಿದೆ ಅಂತೀರಾ? ಶೀಳನೆರೆಯಲ್ಲಿ ಕಬ್ಬಿನ ಲೋಡಿನ ಮೇಲಿಂದ ಬಿದ್ದ ನನ್ನ ಡಿಸ್ಕೂ ಜರುಗಿದೆ. ಬಹಳ ಜನಕ್ಕೆ ಮಾತ್ರೆ, ಫಿಸಿಯೋಥೆರಪಿಯಲ್ಲೇ ವಾಸಿಯಾಗ್ತದಂತೆ. "ಕೈಯಲ್ಲಿ ಬಲ ಹೋದರೆ, ನಡಿಗೆ ತೊಡರಿದರೆ ತಡ ಮಾಡಬೇಡಪ್ಪಾ" ಅಂದಿದ್ದಾರೆ ಮಂಡ್ಯದ ಡಾಕ್ಟರು. ಕಾಫಿ ಲೋಟ ಹಿಡೀತೀನಿ. ಅಂಗಿ ಗುಂಡಿಯನ್ನ ಮಾತ್ರ ಈ ವಾರದಿಂದ ಅವ್ವನೇ ಹಾಕ್ತಾಳೆ. ಸೋಮವಾರದ ಬಸ್ಸಿಗೆ ಮಂಡ್ಯಕ್ಕೆ ಹೊರಟಿದ್ದೀನಿ.